ಪರರ ಕಾಯಕದಿಂದ ದಾಸೋಹವುಂಟೆ?



ಈ ಸಲದ ಶ್ರಾವಣಮಾಸದ ಪ್ರವಚನವು ಬೀದರ ನಗರದಲ್ಲಿ ಪ್ರಾರಂಭವಾಗಿ, ಭಾಲ್ಕಿಯಲ್ಲಿ ಮುಂದುವರಿದು, ಔರಾದ ತಾಲೂಕಿನ ಒಂದು ಗ್ರಾಮದಲ್ಲಿ ಮುಕ್ತಾಯವನ್ನು ಹೊಂದಿತು. ಮೂರು ಸ್ಥಳಗಳಲ್ಲಿಯೂ ನಾವು ಆರಿಸಿಕೊಂಡಿದ್ದ ವಿಷಯವು ಒಂದೇ: ಶಿವಶರಣರು ಬೋಧಿಸಿದ ಕಾಯಕ ಮತ್ತು ದಾಸೋಹ. ಪ್ರವಚನವು ಮುಗಿದ ಬಳಿಕ ಒಂದೊಂದು ಸ್ಥಳದಲ್ಲಿಯೂ ಒಬ್ಬೊಬ್ಬರು ನಮ್ಮ ಬಳಿಗೆ ಬಂದು ಒಂದೊಂದು ಪ್ರಶ್ನೆಯನ್ನು ಕೇಳಿದರು. ಆ ಮೂವರೂ ಪರಸ್ಪರ ಪರಿಚಿತರಲ್ಲ. ಆದರೂ ಅವರ ಪ್ರಶ್ನೆಗಳು ಒಂದೇ ಬೇರಿನಿಂದ ಒಡೆದ ಮೂರು ಕವಲುಗಳಂತಿದ್ದವು. ಹಳೆಯ ಹಾಡಿನ ತಟ್ಟೆಯನ್ನು ಕೊಳ್ಳಬಹುದೆ? ಹಾಡನ್ನು ಅಪ್ಪಣೆಯಿಲ್ಲದೆ ಹಂಚಬಹುದೆ? ಹಾಡಿದವರಿಗೆ ಸಲ್ಲತಕ್ಕದ್ದು ಏನು? ಮೊದಲಿನ ಎರಡಕ್ಕೆ ನಾವು ಉತ್ತರವನ್ನು ಹೇಳಿದೆವು. ಮೂರನೆಯದಕ್ಕೆ ನಾವೇ ಉತ್ತರ ಕೊಡಬೇಕಾದವರಾಗಿ ನಿಂತೆವು. ಅದನ್ನು ಮುಚ್ಚಿಡದೆ ವಾಚಕರ ಮುಂದಿಡುವುದು ಧರ್ಮವೆಂದು ತಿಳಿದು ಇದನ್ನು ಬರೆಯುತ್ತಿದ್ದೇವೆ.

ಹಾಡಿನ ಕ್ರಯವಿಕ್ರಯದ ಮಾತು ಧರ್ಮಪತ್ರಿಕೆಯಲ್ಲಿ ಏತಕ್ಕೆ ಎಂದು ಕೆಲವರು ಶಂಕಿಸಬಹುದು. ಬಸವಣ್ಣನವರು ಅಂತರಂಗ ಬಹಿರಂಗಗಳ ಶುದ್ಧಿಗಾಗಿ ಹೇಳಿದ ಏಳು ನಿಷೇಧಗಳಲ್ಲಿ ಮೊಟ್ಟಮೊದಲನೆಯದು ಕಳವಿನ ನಿಷೇಧವಾಗಿದೆ. ಕೊಲೆಗಿಂತಲೂ ಮೊದಲು, ಹುಸಿಗಿಂತಲೂ ಮೊದಲು ಅವರು ಕಳವನ್ನು ಹೆಸರಿಸಿದರು. ಏಕೆಂದರೆ ಪರರ ಶ್ರಮವನ್ನು ತನ್ನದೆಂದು ಅನುಭವಿಸುವವನ ಕಾಯಕವು ಶುದ್ಧವಾಗಿರಲಾರದು. ಕಾಯಕವು ಶುದ್ಧವಿಲ್ಲದವನ ದಾಸೋಹವೂ ಶುದ್ಧವಾಗದು. ಇನ್ನು ಸಂಗೀತವು ಕಾಯಕವೆ ಎಂದು ಕೇಳುವವರು ಕಿನ್ನರಿ ಬೊಮ್ಮಯ್ಯನವರನ್ನು ಸ್ಮರಿಸಬೇಕು. ಅಕ್ಕಸಾಲೆಯ ವೃತ್ತಿಯನ್ನು ಬಿಟ್ಟು ಕಿನ್ನರಿಯನ್ನು ಹಿಡಿದ ಆ ಶರಣರು, ತ್ರಿಪುರಾಂತಕೇಶ್ವರನ ಸನ್ನಿಧಿಯಲ್ಲಿ ಅದನ್ನು ನುಡಿಸಿ, ಅದರಿಂದ ದೊರೆತ ಹೊನ್ನಿನಿಂದ ಜಂಗಮ ದಾಸೋಹವನ್ನು ನಡೆಸುತ್ತಿದ್ದರೆಂದು ನಮ್ಮ ಪುರಾಣಗಳು ಹೇಳುತ್ತವೆ. ಹಗ್ಗ ಹೊಸೆಯುವುದು, ಬಟ್ಟೆ ಒಗೆಯುವುದು, ದೋಣಿ ನಡೆಸುವುದು ಹೇಗೆ ಕಾಯಕವೋ, ತಂತಿಯನ್ನು ಮೀಟುವುದೂ ಹಾಗೆಯೇ ಕಾಯಕ. ಸಾಕ್ಷಾತ್ ಶಿವನೇ ಆ ಕಾಯಕಕ್ಕೆ ಪ್ರತಿಫಲವನ್ನು ಕೊಟ್ಟನೆಂದು ನಂಬುವ ನಾವು, ಗಾಯಕನ ದನಿಗೆ ಬೆಲೆಯಿಲ್ಲವೆಂದು ಹೇಗೆ ಹೇಳೋಣ?

ಮೊದಲನೆಯ ಪ್ರಶ್ನೆಯನ್ನು ಬೀದರಿನಲ್ಲಿ ಕೇಳಿದವರು ಒಬ್ಬ ನಿವೃತ್ತ ಶಿಕ್ಷಕರು. ಹಳೆಯ ಪೇಟೆಯ ಒಂದು ಗುಜರಿ ಅಂಗಡಿಯಲ್ಲಿ ಅವರಿಗೆ ಒಂದು ಪೆಟ್ಟಿಗೆಯ ತುಂಬ ಗ್ರಾಮಫೋನ್ ತಟ್ಟೆಗಳು ಸಿಕ್ಕವು. ಅವುಗಳಲ್ಲಿ ಮಲ್ಲಿಕಾರ್ಜುನ ಮನ್ಸೂರರು ಹಾಡಿದ ವಚನಗಳೂ ಇದ್ದವು. ಮನೆಯ ಹಿರಿಯರು ತೀರಿಕೊಂಡ ಬಳಿಕ ಯಾರೋ ಆ ಪೆಟ್ಟಿಗೆಯನ್ನು ತೂಕಕ್ಕೆ ಹಾಕಿದ್ದರಂತೆ. ಶಿಕ್ಷಕರು ಅದನ್ನು ಕೊಂಡು ತಂದರು, ಹಳೆಯ ಯಂತ್ರವೊಂದನ್ನು ಸರಿಪಡಿಸಿಕೊಂಡು ಕೇಳಿ ಆನಂದಪಟ್ಟರು. ಆದರೆ ಅವರ ಮಗನು, "ಅಪ್ಪಾ, ಈ ಹಣದಲ್ಲಿ ಹಾಡಿದವರ ಮನೆಗೆ ಒಂದು ಕಾಸಾದರೂ ಹೋಯಿತೆ? ಹೋಗದಿದ್ದರೆ ಇದಕ್ಕೂ ಮೊಬೈಲಿನಲ್ಲಿ ಬಿಟ್ಟಿಯಾಗಿ ಇಳಿಸಿಕೊಳ್ಳುವುದಕ್ಕೂ ಏನು ಭೇದ?" ಎಂದು ಕೇಳಿದನಂತೆ. ಶಿಕ್ಷಕರ ಮನಸ್ಸು ಅಂದಿನಿಂದ ಅಶಾಂತವಾಯಿತು.

ಬೀದರಿನವರಿಗೆ ಇದನ್ನು ತಿಳಿಯಪಡಿಸಲು ದೂರ ಹೋಗಬೇಕಾದುದಿಲ್ಲ. ನಮ್ಮೂರಿನ ಬಿದರಿ ಕೆಲಸವು ಲೋಕಪ್ರಸಿದ್ಧವಾದುದು. ಸತುವು ತಾಮ್ರಗಳ ಎರಕದಲ್ಲಿ ಪಾತ್ರೆಯನ್ನು ಮಾಡಿ, ಅದರ ಮೈಮೇಲೆ ಚಿತ್ರವನ್ನು ಕೊರೆದು, ಆ ಕೊರೆತದಲ್ಲಿ ಬೆಳ್ಳಿಯನ್ನು ಕೂಡಿಸಿ, ಕೋಟೆಯ ಮಣ್ಣಿನಿಂದ ಅದಕ್ಕೆ ಕಪ್ಪನ್ನು ಏರಿಸುವರು. ಅಂತಹ ಒಂದು ಹೂದಾನಿಯನ್ನು ಒಬ್ಬನು ಕುಶಲಕರ್ಮಿಯಿಂದ ಬೆಲೆಗೆ ಕೊಂಡನೆನ್ನಿರಿ. ನಲವತ್ತು ವರ್ಷಗಳಾದ ಮೇಲೆ ಅವನ ಮಕ್ಕಳು ಅದನ್ನು ಇನ್ನೊಬ್ಬರಿಗೆ ಮಾರಿದರು. ಕುಶಲಕರ್ಮಿಗೆ ಇದರಿಂದ ಅನ್ಯಾಯವಾಯಿತೆ? ಇಲ್ಲ. ಅವನು ಒಂದು ಹೂದಾನಿಯನ್ನು ಮಾಡಿದನು, ಒಂದರ ಬೆಲೆಯನ್ನು ಪಡೆದನು. ಲೋಕದಲ್ಲಿ ಇಂದಿಗೂ ಇರುವುದು ಆ ಒಂದೇ ಹೂದಾನಿ. ಅದು ಒಂದು ಕೈಯನ್ನು ಬಿಟ್ಟ ಬಳಿಕವೇ ಮತ್ತೊಂದು ಕೈಯನ್ನು ಸೇರಿತು. ಆದರೆ ಅದನ್ನು ಕೊಂಡವನು ಅಚ್ಚು ತೆಗೆದು, ಅದೇ ಆಕಾರದ ನೂರು ಹೂದಾನಿಗಳನ್ನು ಎರಕ ಹೊಯ್ದು ಊರಿಗೆಲ್ಲ ಹಂಚಿದರೆ, ಕುಶಲಕರ್ಮಿಯ ಅಂಗಡಿಗೆ ಮತ್ತೆ ಯಾರು ಬರುವರು? ಹಳೆಯ ತಟ್ಟೆಯು ಮೊದಲಿನ ಹೂದಾನಿಯಂತೆ. ಅಪ್ಪಣೆಯಿಲ್ಲದ ನಕಲು ಎರಡನೆಯದರಂತೆ. ಒಂದರಲ್ಲಿ ವಸ್ತುವು ಕೈ ಬದಲಿಸುತ್ತದೆ. ಇನ್ನೊಂದರಲ್ಲಿ ವಸ್ತುವು ಹೆಚ್ಚುತ್ತದೆ, ಮಾಡಿದವನ ಅನ್ನವು ಕುಗ್ಗುತ್ತದೆ.

ರಾಜ್ಯದ ಕಾಯಿದೆಯೂ ಬಹುಮಟ್ಟಿಗೆ ಈ ದಾರಿಗೇ ಬಂದಿದೆ. ಭಾರತದ ಕೃತಿಸ್ವಾಮ್ಯ ಕಾಯಿದೆಯು ೧೯೫೭ನೆಯ ಇಸವಿಯದು. ಅದರಲ್ಲಿ ಧ್ವನಿಮುದ್ರಣದ ಪ್ರತಿಯನ್ನು ಮಾರುವ ಹಕ್ಕನ್ನು ಹೇಳುವಲ್ಲಿ, ಆ ಪ್ರತಿಯು ಹಿಂದೊಮ್ಮೆ ಮಾರಾಟವಾಗಿದ್ದರೂ ಆ ಹಕ್ಕು ಸ್ವಾಮ್ಯವುಳ್ಳವರದೇ ಎಂಬ ಅರ್ಥದ ಮಾತೊಂದು ೧೯೯೪ರ ತಿದ್ದುಪಡಿಯಿಂದ ಸೇರಿತ್ತು. ೨೦೧೨ರ ತಿದ್ದುಪಡಿಯಲ್ಲಿ ಆ ಮಾತನ್ನು ತೆಗೆದುಹಾಕಿದರು. ಹೀಗಾಗಿ ಬೀದರಿನ ಗುಜರಿಯಲ್ಲಿಯೋ, ಹೈದರಾಬಾದಿನ ಜುಮ್ಮೇರಾತ್ ಬಜಾರಿನಲ್ಲಿಯೋ ನ್ಯಾಯವಾಗಿ ಮಾರಾಟಕ್ಕೆ ಬಂದ ಹಳೆಯ ತಟ್ಟೆಯನ್ನು ಕೊಳ್ಳುವವನು ಅಂಜಬೇಕಾದುದಿಲ್ಲ. ಅಷ್ಟೇ ಅಲ್ಲ, ಬೆಂಕಿಗೋ ಮಣ್ಣಿಗೋ ಹೋಗಬೇಕಾಗಿದ್ದ ಹಿರಿಯರ ದನಿಯನ್ನು ಉಳಿಸಿದ ಪುಣ್ಯವೂ ಅವನಿಗೆ ಉಂಟು.

ಇಷ್ಟನ್ನು ಕೇಳಿ ಶಿಕ್ಷಕರ ಮುಖವು ಅರಳಿತು. ಆಗ ನಾವು, "ಗುರುಗಳೇ, ಆ ಪೆಟ್ಟಿಗೆಗೆ ನೀವು ಎಷ್ಟು ಕೊಟ್ಟಿರಿ?" ಎಂದು ಕೇಳಿದೆವು. ಅವರು ತುಸು ಹೊತ್ತು ಸುಮ್ಮನಿದ್ದರು. ಅಂಗಡಿಯವನಿಗೆ ಅವುಗಳ ಬೆಲೆ ತಿಳಿಯದು. ತೂಕದ ದರಕ್ಕೆ ಮೇಲೆ ಸ್ವಲ್ಪ ಸೇರಿಸಿ ಕೇಳಿದನು. ತಮಗೆ ಬೆಲೆ ತಿಳಿದಿದ್ದರೂ ಬಾಯಿ ಬಿಡದೆ ಕೊಟ್ಟು ಬಂದೆವು ಎಂದರು. ಬಂಧುಗಳೇ, ಕಳವು ತಾವು ಹುಡುಕಿದ ಕಡೆಯಲ್ಲಿ ಇರಲಿಲ್ಲ. ಇದ್ದ ಕಡೆಯಲ್ಲಿ ಅವರು ಹುಡುಕಿರಲಿಲ್ಲ. ಮಾರುವವನ ಅಜ್ಞಾನವು ಕೊಳ್ಳುವವನ ಲಾಭವಾಗಬಾರದು. ಅಂಗಳ ಗುಡಿಸುವ ಕಾಯಕದ ಸತ್ಯಕ್ಕನು, ದಾರಿಯಲ್ಲಿ ಬಿದ್ದ ಹೊನ್ನನ್ನಾಗಲಿ ವಸ್ತ್ರವನ್ನಾಗಲಿ ಕೈಯಿಂದ ಎತ್ತಿದರೆ ಶಿವನಾಣೆ ಎಂದು ತನಗೆ ತಾನೇ ಕಟ್ಟು ಹಾಕಿಕೊಂಡಳು. ದಾರಿಯಲ್ಲಿ ಬಿದ್ದ ಹೊನ್ನಿಗೆ ಒಡೆಯನು ಕಣ್ಣಿಗೆ ಕಾಣನು. ಗುಜರಿಯವನಾದರೋ ನಮ್ಮ ಕಣ್ಣೆದುರಿಗೇ ಕುಳಿತಿರುವನು. ಆದುದರಿಂದ ಹಳೆಯ ವಸ್ತುವನ್ನು ಕೊಳ್ಳುವವನು ಎರಡನ್ನು ವಿಚಾರಿಸಿಕೊಳ್ಳಬೇಕು: ಇದು ಮಾರುವವನದೇ ಹೌದೆ? ನಾನು ಕೊಡುವ ಬೆಲೆಯನ್ನು ಅವನು ನಿಜ ತಿಳಿದ ಮೇಲೂ ಒಪ್ಪುವನೆ? ಈ ಎರಡಕ್ಕೂ ಹೌದೆಂಬ ಉತ್ತರ ಬಂದರೆ ಆ ತಟ್ಟೆಯ ಹಾಡು ಮನೆಯಲ್ಲಿ ನಿರ್ಮಲವಾಗಿ ಕೇಳಿಸುವುದು.

ಬೀದರಿನಿಂದ ಭಾಲ್ಕಿಗೆ ಬಂದಾಗ ಎರಡನೆಯ ಪ್ರಶ್ನೆಯು ನಮಗಾಗಿ ಕಾದಿತ್ತು. ಅಲ್ಲಿಯ ಒಬ್ಬ ಯುವಕನು ಭಕ್ತಿವಂತನು. ಪ್ರತಿದಿನ ಬೆಳಿಗ್ಗೆ ಲಿಂಗಪೂಜೆಯ ಹೊತ್ತಿಗೆ ವಾಟ್ಸಾಪಿನಲ್ಲಿ ನೂರಾರು ಮನೆಗಳಿಗೆ ಒಂದೊಂದು ವಚನಗಾಯನವನ್ನು ಕಳುಹಿಸುವನು. ಯಾರಿಂದಲೂ ಒಂದು ಪೈಸೆಯನ್ನೂ ತೆಗೆದುಕೊಳ್ಳನು. ಆ ಹಾಡುಗಳನ್ನು ಕ್ಯಾಸೆಟ್ಟಿನಿಂದಲೋ, ಸಿ.ಡಿ.ಯಿಂದಲೋ, ಯಾರದೋ ಮೆಮೊರಿ ಕಾರ್ಡಿನಿಂದಲೋ ಸಂಗ್ರಹಿಸಿರುವನು. ಯಾರ ಅಪ್ಪಣೆಯನ್ನೂ ಪಡೆದುದಿಲ್ಲ. "ಅಪ್ಪಾವರೇ, ಅನ್ನದ ದಾಸೋಹವನ್ನು ಮಾಡುವಷ್ಟು ಶಕ್ತಿ ನನಗಿಲ್ಲ. ಇದು ನನ್ನ ನಾದದಾಸೋಹ. ವಚನಗಳು ಹನ್ನೆರಡನೆಯ ಶತಮಾನದವು. ಅವುಗಳಿಗೆ ಒಡೆಯರು ಯಾರು? ದೀಪದಿಂದ ದೀಪವನ್ನು ಹಚ್ಚಿದರೆ ಮೊದಲಿನ ದೀಪವು ಕುಂದುವುದೆ?" ಎಂದು ಅವನು ಕೇಳಿದನು. ಅವನ ಮಾತಿನಲ್ಲಿ ಕಪಟವಿರಲಿಲ್ಲ. ಆದುದರಿಂದಲೇ ಅದಕ್ಕೆ ವಿವರವಾಗಿ ಉತ್ತರ ಹೇಳಬೇಕಾಯಿತು.

ವಚನಗಳು ಎಲ್ಲರವು ಎಂಬುದು ನಿಜ. ಅವುಗಳನ್ನು ಓದುವುದಕ್ಕೆ, ಹಾಡುವುದಕ್ಕೆ, ಅಚ್ಚು ಹಾಕುವುದಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ಅವು ನಮ್ಮ ಕೈಗೆ ಹೇಗೆ ಬಂದವು? ಫ. ಗು. ಹಳಕಟ್ಟಿಯವರು ಊರೂರು ಅಲೆದು ತಾಡೋಲೆಗಳನ್ನು ಕೂಡಿಹಾಕಿ, ೧೯೨೩ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದರು. ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಕಟ್ಟಿದರು. ಅದಕ್ಕಾಗಿ ಇದ್ದ ಮನೆಯನ್ನೇ ಮಾರಿದರು. ೧೯೬೪ರಲ್ಲಿ ಅವರು ಲಿಂಗೈಕ್ಯರಾದರು. ಬರೆದವರು ತೀರಿಕೊಂಡ ಮೇಲೆ ೬೦ ವರ್ಷಗಳ ತನಕ ಸ್ವಾಮ್ಯವುಂಟೆಂಬ ಕಾಯಿದೆಯ ಲೆಕ್ಕದಲ್ಲಿ, ಅವರು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಬರಹಗಳು ೨೦೨೪ರ ಅಂತ್ಯದೊಡನೆ ಸರ್ವರ ಸೊತ್ತಾದವು. ಒಡೆಯರಿಲ್ಲದ ವಚನವೂ ನಮ್ಮ ಮನೆಯ ಬಾಗಿಲಿಗೆ ತಾನಾಗಿ ನಡೆದು ಬರಲಿಲ್ಲ. ಒಬ್ಬನ ಕಾಯಕವು ಅದನ್ನು ಹೊತ್ತು ತಂದಿತು. ಹಾಗೆಯೇ ಹಾಡಾದ ವಚನದಲ್ಲಿ ಮಾತು ಮಾತ್ರ ಶರಣರದು. ರಾಗವನ್ನು ಕೂಡಿಸಿದವನೊಬ್ಬನು, ಇಪ್ಪತ್ತು ವರ್ಷ ಸಾಧನೆಮಾಡಿ ಕಂಠವನ್ನು ಹದಗೊಳಿಸಿದವನೊಬ್ಬನು, ತಬಲವನ್ನು ನುಡಿಸಿದವನೊಬ್ಬನು, ಮುದ್ರಣಕ್ಕೆ ಸಾಲ ತಂದವನೊಬ್ಬನು. ಹೊಲವು ಶಿವನದೆಂದ ಮಾತ್ರಕ್ಕೆ ಒಕ್ಕಲಿಗನು ಬೆಳೆದ ಜೋಳವನ್ನು ಅವನನ್ನು ಕೇಳದೆ ಕೊಯ್ಯಬಹುದೆ?

ದೀಪದ ದೃಷ್ಟಾಂತವೂ ಚೆನ್ನಾಗಿದೆ. ಹಚ್ಚಿಕೊಂಡು ಹೋದವರಿಂದ ಮೊದಲಿನ ದೀಪದ ಬೆಳಕು ಕುಂದದು, ದಿಟ. ಆದರೆ ಅದಕ್ಕೆ ಎಣ್ಣೆಯನ್ನು ಎರೆದವರು ಯಾರು? ಸಾವಿರ ಮನೆಗಳವರು ಬಂದು ದೀಪ ಹಚ್ಚಿಕೊಂಡು ಹೋದರು; ಒಬ್ಬನೂ ಒಂದು ತೊಟ್ಟು ಎಣ್ಣೆಯನ್ನು ತರಲಿಲ್ಲ. ಬೆಳಕು ಕಡಿಮೆಯಾಗದಿದ್ದರೂ ಎಣ್ಣೆಯು ತೀರಿಹೋಗುವುದು. ನಮ್ಮ ಜಿಲ್ಲೆಯಲ್ಲಿ ಕ್ಯಾಸೆಟ್ಟಿನ ಕಾಲದಿಂದಲೂ ಇದು ನಡೆದುಬಂದಿದೆ. ೧೯೮೦ರ ದಶಕದಲ್ಲಿ ಖಾಲಿ ಕ್ಯಾಸೆಟ್ಟಿಗೆ ಬೇಕಾದ ಹಾಡುಗಳನ್ನು ತುಂಬಿಕೊಡುವ ಅಂಗಡಿಗಳಿದ್ದವು. ತರುವಾಯ ನೂರು ಹಾಡುಗಳ ಒಂದು ಸಿ.ಡಿ. ಬಂದಿತು, ಆಮೇಲೆ ಮೆಮೊರಿ ಕಾರ್ಡು, ಈಗ ಮೊಬೈಲು. ಉಪಕರಣವು ಬದಲಾಯಿತು, ನಕಲು ಸುಲಭವಾಯಿತು. ಸುಲಭವಾದುದೆಲ್ಲ ಸಲ್ಲುವುದೆಂದು ಶರಣರು ಎಲ್ಲಿಯೂ ಹೇಳಲಿಲ್ಲ.

ಆಕಾಶವಾಣಿಯ ಹಾಡನ್ನು ನಾವು ಬಿಟ್ಟಿಯಾಗಿಯೇ ಕೇಳಿದೆವಲ್ಲ ಎಂದು ಒಬ್ಬರು ಕೇಳಿದರು. ೧೯೫೦ರಲ್ಲಿ ಧಾರವಾಡದಲ್ಲಿಯೂ ೧೯೬೬ರಲ್ಲಿ ಗುಲಬರ್ಗಾದಲ್ಲಿಯೂ ನಿಲಯಗಳಾದ ಮೇಲೆ ಈ ಭಾಗದ ಮನೆಗಳಲ್ಲಿ ವಚನಗಾಯನವು ಕೇಳಿಬಂದಿತು. ಆದರೆ ನಿಲಯವು ಕಲಾವಿದನನ್ನು ಕರೆದು, ಕೂಡಿಸಿ, ಹಾಡಿಸಿ, ಸಂಭಾವನೆಯನ್ನು ಕೊಟ್ಟು ಕಳುಹಿಸುತ್ತಿತ್ತು. ಕೇಳುಗನಿಗೆ ಬಿಟ್ಟಿಯಾದುದು ಹಾಡುಗನಿಗೆ ಬಿಟ್ಟಿಯಾಗಿರಲಿಲ್ಲ. ಭೇದವು ಅಲ್ಲಿದೆ.

ಮತ್ತೊಬ್ಬರು ಗಂಭೀರವಾದ ಆಕ್ಷೇಪವನ್ನು ಎತ್ತಿದರು. "ಭಾಲ್ಕಿಯ ನೆಲದಲ್ಲಿ ನಿಂತು ಕಾಯಿದೆಯ ಮಾತನ್ನು ಆಡುತ್ತೀರಿ. ಇದೇ ಊರಿನ ಹಿರೇಮಠದ ಪೂಜ್ಯರು ನಿಜಾಮನ ಕಾಯಿದೆಯನ್ನು ಲೆಕ್ಕಿಸಿದರೆ?" ಎಂದರು. ಪೂಜ್ಯ ಚನ್ನಬಸವ ಪಟ್ಟದ್ದೇವರು (೧೮೯೦–೧೯೯೯) ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಮಕ್ಕಳಿಗೆ ಕನ್ನಡವನ್ನು ಕಲಿಸಿದ ಸಂಗತಿಯನ್ನು ಈ ನಾಡಿನಲ್ಲಿ ಅರಿಯದವರಿಲ್ಲ. ಆದರೆ ವಿಚಾರಿಸಿರಿ. ಪಟ್ಟದ್ದೇವರು ಯಾರ ಕೂಲಿಯನ್ನು ಕಸಿದುಕೊಂಡರು? ಯಾರ ಅನ್ನವನ್ನು ಕಡಿಮೆ ಮಾಡಿದರು? ಅಪಾಯವನ್ನು ತಮ್ಮ ಮೇಲೆ ಎಳೆದುಕೊಂಡು, ಶ್ರಮವನ್ನು ತಾವು ಪಟ್ಟು, ಫಲವನ್ನು ಪರರ ಮಕ್ಕಳಿಗೆ ಕೊಟ್ಟರು. ನಾವಾದರೋ ಸುಖವನ್ನು ನಮಗೆ ಇಟ್ಟುಕೊಂಡು ನಷ್ಟವನ್ನು ಕಾಣದ ಗಾಯಕನ ಮೇಲೆ ಹೊರಿಸುತ್ತೇವೆ. ಎರಡೂ ಕಾಯಿದೆಯನ್ನು ಮೀರಿದಂತೆ ತೋರಿದರೂ ಒಂದು ತ್ಯಾಗ, ಇನ್ನೊಂದು ಅಪಹಾರ. ನಾವು ಇಲ್ಲಿ ಕೇಳುತ್ತಿರುವುದು ದೊರೆಯ ಕಾಯಿದೆಯನ್ನಲ್ಲ, ಕಾಯಕದ ನ್ಯಾಯವನ್ನು.

"ಹಣವನ್ನು ಕೊಟ್ಟು ಕೊಂಡರೂ ಅದೆಲ್ಲ ಕಂಪನಿಯವರಿಗೇ ಹೋಗುತ್ತದೆ, ಹಾಡಿದವರಿಗೆ ಏನೂ ಸಿಕ್ಕದು" ಎಂಬ ಮಾತು ಕೂಡ ಕೇಳಿಬಂದಿತು. ಇದರಲ್ಲಿ ಸತ್ಯಾಂಶವುಂಟು. ಹಿಂದೆ ಎಷ್ಟೋ ಕಲಾವಿದರು ಒಂದು ಸಲದ ಸಂಭಾವನೆಯನ್ನು ಪಡೆದು ಎಲ್ಲ ಹಕ್ಕನ್ನೂ ಬರೆದುಕೊಟ್ಟರು. ಅದನ್ನು ಕಂಡೇ ೧೯೯೪ರಲ್ಲಿ ಪ್ರದರ್ಶಕ ಕಲಾವಿದರ ಹಕ್ಕನ್ನು ಕಾಯಿದೆಯಲ್ಲಿ ಸೇರಿಸಿದರು. ೨೦೧೨ರಲ್ಲಿ ಕಲಾವಿದನ ಹೆಸರನ್ನು ಹೇಳಬೇಕೆಂಬ ಹಕ್ಕನ್ನೂ ಕೊಟ್ಟರು. ಆದರೆ ಒಬ್ಬನು ಕೂಲಿಯವನಿಗೆ ಅರ್ಧ ಕೂಲಿಯನ್ನು ಕೊಟ್ಟನೆಂದು ಉಳಿದರ್ಧವನ್ನು ನಾವು ಕಿತ್ತುಕೊಳ್ಳುವುದು ನ್ಯಾಯವೆ? ಕಂಪನಿಯ ಮೇಲೆ ಅಷ್ಟು ಸಿಟ್ಟಿದ್ದರೆ ಗಾಯಕನ ಮನೆಯನ್ನು ಹುಡುಕಿಕೊಂಡು ಹೋಗಿ ಅವನ ಕೈಯಲ್ಲಿಯೇ ಕೊಟ್ಟು ಬರಲಿ. ಸಿಟ್ಟು ನಿಜವಾದುದೋ ನೆಪವೋ ಎಂಬುದು ಆಗ ತಿಳಿಯುವುದು.

ಕೊನೆಗೆ ಆ ಯುವಕನಿಗೆ ನಾವು ಹೇಳಿದುದು ಇಷ್ಟು: "ತಮ್ಮಾ, ದಾಸೋಹವೆಂದರೆ ಕೇವಲ ಕೊಡುವುದಲ್ಲ. ತನ್ನ ಬೆವರಿನಿಂದ ಬಂದುದನ್ನು, ತಾನು ಕೊಡುವವನೆಂಬ ಭಾವವನ್ನು ಬಿಟ್ಟು, ಸಮಾಜರೂಪನಾದ ಜಂಗಮನಿಗೆ ಸಲ್ಲಿಸುವುದು. ಕಾಯಕವು ಮೊದಲು, ದಾಸೋಹವು ಅದರ ಮೇಲೆ. ನೆರೆಯವನ ಕಣಜದ ಜೋಳವನ್ನು ತಂದು ರೊಟ್ಟಿ ಸುಟ್ಟು ಜಂಗಮರಿಗೆ ಬಡಿಸಿದರೆ ಪಂಕ್ತಿಯು ತುಂಬೀತು; ದಾಸೋಹವಾಗಲಾರದು. ನಿನ್ನ ಭಕ್ತಿಯು ನಿನ್ನದು. ಆದರೆ ನೀನು ಹಂಚುತ್ತಿರುವ ಕಾಯಕವು ಪರರದು."

ಹೀಗೆ ಹೇಳಿ, ಒಳ್ಳೆಯ ಮಾತನ್ನು ಹೇಳಿದೆವೆಂಬ ತೃಪ್ತಿಯಿಂದಲೇ ನಾವು ಔರಾದ ತಾಲೂಕಿಗೆ ಹೋದೆವು. ಅಲ್ಲಿ ಒಂದು ವಾರದ ಪ್ರವಚನ. ದಿನವೂ ಸಾಯಂಕಾಲ ನಾವು ವೇದಿಕೆಗೆ ಬರುವ ಮುಂಚೆ ಧ್ವನಿವರ್ಧಕದಲ್ಲಿ ಅಕ್ಕಮಹಾದೇವಿಯವರ ವಚನವೊಂದನ್ನು ಹಾಕುತ್ತಿದ್ದರು. ಹೆಣ್ಣುಮಗಳ ದನಿ, ಶ್ರುತಿಯಲ್ಲಿ ನಿಂತ, ಆಡಂಬರವಿಲ್ಲದ ದನಿ. ಅದನ್ನು ಕೇಳಿ ಜನರು ತಾವಾಗಿಯೇ ಮೌನರಾಗುತ್ತಿದ್ದರು. ಮಂಗಲದ ದಿನ ದಾಸೋಹದ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ತಾಯಂದಿರನ್ನು ಮಾತನಾಡಿಸಲು ನಾವು ಹೋದೆವು. ಅವರಲ್ಲಿ ವಯಸ್ಸಾದ ಒಬ್ಬ ತಾಯಿ ಕೈಯ ಹಿಟ್ಟನ್ನು ಒರಸಿಕೊಂಡು ಎದ್ದು ನಿಂತು ಶರಣಾರ್ಥಿ ಮಾಡಿ, "ಅಪ್ಪಾವರೇ, ದಿನಾ ಸಂಜೆ ಹಾಕುತ್ತಾರಲ್ಲ, ಆ ಹಾಡು ಯಾರದು?" ಎಂದು ಕೇಳಿದರು.

"ಅಕ್ಕನದು ತಾಯಿ," ಎಂದೆವು.

"ವಚನ ಅಕ್ಕನದು. ದನಿ ನನ್ನದು," ಎಂದರು.

ಬಹಳ ವರ್ಷಗಳ ಹಿಂದೆ ಆ ತಾಯಿ ಹಾರ್ಮೋನಿಯಂ ಹಿಡಿದು ಊರೂರಿನ ಜಾತ್ರೆಗಳಲ್ಲಿ, ಮಠಗಳಲ್ಲಿ ಹಾಡುತ್ತಿದ್ದವರು. ಬಲ್ಲವರ ಮಾತನ್ನು ಕೇಳಿ, ಕೊರಳಿನ ಬಂಗಾರವನ್ನು ಒತ್ತೆಯಿಟ್ಟು ಒಂದು ಕ್ಯಾಸೆಟ್ಟನ್ನು ಮಾಡಿಸಿದರು. ಮೊದಲ ಜಾತ್ರೆಯಲ್ಲಿ ಕೆಲವು ಮಾರಾಟವಾದವು. ಎರಡನೆಯ ಜಾತ್ರೆಗೆ ಬರುವಷ್ಟರಲ್ಲಿ ಅದರ ನಕಲು ಎಲ್ಲ ಅಂಗಡಿಗಳಲ್ಲಿಯೂ ಇದ್ದಿತು. ಉಳಿದ ಕ್ಯಾಸೆಟ್ಟುಗಳು ಪೆಟ್ಟಿಗೆಯಲ್ಲಿಯೇ ಉಳಿದವು; ಒತ್ತೆಯ ಬಂಗಾರವು ಮರಳಿ ಬರಲಿಲ್ಲ. ಎರಡನೆಯ ಕ್ಯಾಸೆಟ್ಟನ್ನು ಅವರು ಮಾಡಿಸಲೇ ಇಲ್ಲ. ಇದನ್ನೆಲ್ಲ ಅವರು ಸಿಟ್ಟಿಲ್ಲದೆ ಹೇಳಿದರು. "ಹಾಡು ಕೇಳಿದಾಗ ಸಂತೋಷವೇ ಆಗುತ್ತದೆ ಅಪ್ಪಾವರೇ. ಆದರೆ ನನ್ನ ಹಾಡು ಎಲ್ಲರ ಮನೆಯಲ್ಲಿ ಇದೆ, ನನ್ನ ಹೆಸರು ಯಾವ ಮನೆಯಲ್ಲಿಯೂ ಇಲ್ಲ" ಎಂದರು.

ನಾವು ವಿಚಾರಿಸಿದೆವು. ನಮ್ಮದೇ ಮಠದ ಸೇವಕರು ಆ ಹಾಡನ್ನು ಎಲ್ಲಿಂದಲೋ ಪೆನ್ ಡ್ರೈವಿನಲ್ಲಿ ತುಂಬಿಕೊಂಡು, ಪ್ರವಚನವಾದ ಊರುಗಳಲ್ಲೆಲ್ಲ ಹಾಕುತ್ತ, ಕೇಳಿದ ಭಕ್ತರಿಗೆ ಪ್ರಸಾದವೆಂದು ನಕಲು ಮಾಡಿ ಕೊಡುತ್ತ ಬಂದಿದ್ದರು. ಅದು ನಮಗೆ ತಿಳಿದಿತ್ತೆ? ಹಾಡು ಎಲ್ಲಿಂದ ಬಂದಿತೆಂದು ನಾವು ಒಂದು ದಿನವೂ ಕೇಳಿರಲಿಲ್ಲ. ಕೇಳದೆ ಇದ್ದುದೂ ಒಂದು ಬಗೆಯ ತಿಳಿವೇ ಸರಿ. ಆ ರಾತ್ರಿ ಲೆಕ್ಕದ ಪುಸ್ತಕವನ್ನು ತರಿಸಿ ನೋಡಿದೆವು. ಅಕ್ಕಿ, ಬೇಳೆ, ಬೆಲ್ಲ, ಶಾಮಿಯಾನ, ದೀಪ, ಎಲ್ಲಕ್ಕೂ ಬರೆದ ಹಣವುಂಟು. ಧ್ವನಿವರ್ಧಕದ ಬಾಡಿಗೆಯೂ ಉಂಟು. ದನಿಯನ್ನು ದೊಡ್ಡದು ಮಾಡಿದ ಯಂತ್ರಕ್ಕೆ ನಾವು ಬಾಡಿಗೆಯನ್ನು ಕೊಟ್ಟಿದ್ದೆವು. ದನಿಗೆ ಏನನ್ನೂ ಕೊಟ್ಟಿರಲಿಲ್ಲ. ಭಾಲ್ಕಿಯ ಯುವಕನಿಗೆ ನಾವು ಆಡಿದ ಮಾತು ಒಂದೊಂದಾಗಿ ನಮ್ಮ ಕಡೆಗೇ ತಿರುಗಿತು. ಪರರ ಕಣಜದ ಜೋಳವನ್ನು ಬಡಿಸಿದವರು ನಾವೇ ಆಗಿದ್ದೆವು.

ಕಾಯಿದೆಯನ್ನು ಬಲ್ಲ ಭಕ್ತರೊಬ್ಬರು ನಮ್ಮನ್ನು ಸಮಾಧಾನಪಡಿಸಲು, ಧಾರ್ಮಿಕ ಸಮಾರಂಭದಲ್ಲಿ ಹಾಡನ್ನು ಕೇಳಿಸುವುದಕ್ಕೆ ಕಾಯಿದೆಯಲ್ಲಿಯೇ ವಿನಾಯಿತಿ ಇದೆಯೆಂದರು. ಅಂತಹ ವಿನಾಯಿತಿ ಇರುವುದು ನಿಜ. ಆದರೆ ಅದು ಸಮಾರಂಭದಲ್ಲಿ ಕೇಳಿಸುವುದಕ್ಕೆ. ನಕಲು ಮಾಡಿ ಊರಿಗೆ ಹಂಚುವುದಕ್ಕಲ್ಲ. ಮೇಲಾಗಿ ಕಾಯಿದೆಯು ಬಿಟ್ಟುಕೊಟ್ಟುದನ್ನೆಲ್ಲ ಧರ್ಮವು ಬಿಟ್ಟುಕೊಡುವುದಿಲ್ಲ. ನುಲಿಯ ಚಂದಯ್ಯನವರು ಲಿಂಗಕ್ಕೂ ಕಾಯಕದಿಂದ ಬಿಡುಗಡೆಯಿಲ್ಲವೆಂದು ನಿಂತ ಶರಣರು. ಅವರ ಮಾರ್ಗದಲ್ಲಿ ಮಠಕ್ಕೆ ಮಾತ್ರ ವಿನಾಯಿತಿ ಉಂಟೆ?

ಮರುದಿನ ಬೆಳಿಗ್ಗೆ ಭಕ್ತಸಮೂಹದ ಎದುರಿಗೆ ಆ ತಾಯಿಯ ಹೆಸರನ್ನು ಹೇಳಿ, ಇದು ಇವರ ದನಿ, ಇಷ್ಟು ದಿನ ಇವರನ್ನು ಕೇಳದೆ ಬಳಸಿದೆವು, ತಪ್ಪಾಯಿತು ಎಂದು ಒಪ್ಪಿಕೊಂಡೆವು. ಅನಂತರ ಒಂದು ತಟ್ಟೆಯಲ್ಲಿ ಫಲತಾಂಬೂಲದೊಡನೆ ಹಣವನ್ನು ಇಟ್ಟು ಅವರ ಮುಂದೆ ಹಿಡಿದೆವು. ಅವರು ಹಣವನ್ನು ಕೂಡಲೇ ಮುಟ್ಟಲಿಲ್ಲ. ನಕಲು ಮಾಡಿಕೊಟ್ಟ ಹುಡುಗನನ್ನು ಕರೆದು, "ಎಷ್ಟು ಜನಕ್ಕೆ ಕೊಟ್ಟೆ ಮಗಾ?" ಎಂದು ಕೇಳಿದರು. ಅವನು ನೆನಪಿದ್ದಷ್ಟನ್ನು ಹೇಳಿದನು. ಅಂದಿನ ಕ್ಯಾಸೆಟ್ಟಿನ ಬೆಲೆಯಿಂದ ಅದನ್ನು ಬೆರಳಿನಲ್ಲಿ ಲೆಕ್ಕಹಾಕಿ, ಅಷ್ಟನ್ನು ಮಾತ್ರ ಎಣಿಸಿಕೊಂಡು, ಮಿಕ್ಕುದನ್ನು ತಟ್ಟೆಯಲ್ಲಿಯೇ ಬಿಟ್ಟರು. "ಇಷ್ಟು ನನ್ನ ಕಾಯಕದ್ದು. ಉಳಿದದ್ದು ನನ್ನದಲ್ಲ. ನಾನು ಕೂಲಿ ಕೇಳಿದೆ ಅಪ್ಪಾವರೇ, ಭಿಕ್ಷೆ ಕೇಳಲಿಲ್ಲ" ಎಂದರು. ಮಾರಯ್ಯನು ಅಂದಿನ ಅವಶ್ಯಕತೆಗಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಮರಳಿ ಸುರಿದು ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಾವು ಎಷ್ಟೋ ವೇದಿಕೆಗಳಲ್ಲಿ ಹೇಳಿರುವೆವು. ಅದು ನಡೆಯುವುದನ್ನು ಕಣ್ಣಾರೆ ಕಂಡುದು ಅಂದೇ ಮೊದಲು.

ಬಂಧುಗಳೇ, ಈ ಮೂರು ಊರುಗಳ ಅನುಭವದಿಂದ ನಾವು ನಮ್ಮ ಮಠಕ್ಕೆ ಕೆಲವು ನಿಯಮಗಳನ್ನು ಮಾಡಿಕೊಂಡಿದ್ದೇವೆ. ವಾಚಕರೂ ಅವನ್ನು ವಿ‌ಚಾರಿಸಿ ನೋಡಬಹುದು. ಹಳೆಯ ತಟ್ಟೆ, ಕ್ಯಾಸೆಟ್ಟು, ಸಿ.ಡಿ.ಗಳನ್ನು ನ್ಯಾಯವಾದ ಬೆಲೆಗೆ ಕೊಳ್ಳುವುದರಲ್ಲಿ ದೋಷವಿಲ್ಲ; ನೆರೆಯವರನ್ನು ಕರೆದು ಕೂಡಿಸಿಕೊಂಡು ಕೇಳುವುದರಲ್ಲಿಯೂ, ಕೆಲವು ದಿನ ಎರವಲು ಕೊಡುವುದರಲ್ಲಿಯೂ ದೋಷವಿಲ್ಲ. ಕ್ಯಾಸೆಟ್ಟಿನ ಪಟ್ಟಿಯು ಕಾಲಕ್ರಮದಲ್ಲಿ ಹಾಳಾಗುವುದು; ಆದುದರಿಂದ ತಾನು ಕೊಂಡುದನ್ನು ತನ್ನ ಸ್ವಂತಕ್ಕಾಗಿ ಬೇರೊಂದರಲ್ಲಿ ಉಳಿಸಿಕೊಳ್ಳುವುದು ಯಾರ ಅನ್ನವನ್ನೂ ಕಸಿಯದು. ಆದರೆ ಮೂಲವನ್ನು ಮಾರಿದ ದಿನ ನಕಲನ್ನೂ ಅಳಿಸಿಬಿಡಬೇಕು. ಹಸುವನ್ನು ಮಾರಿ ಹಾಲನ್ನು ಇಟ್ಟುಕೊಳ್ಳಬಾರದು. ಧ್ವನಿಮುದ್ರಣದ ಸ್ವಾಮ್ಯವು ಪ್ರಕಟವಾದ ವರ್ಷದ ತರುವಾಯ ೬೦ ವರ್ಷಗಳದು. ೧೯೬೦ರಲ್ಲಿ ಪ್ರಕಟವಾದ ತಟ್ಟೆಯದು ೨೦೨೦ರ ಅಂತ್ಯಕ್ಕೆ ಮುಗಿಯಿತು. ಅಂತಹುದರಲ್ಲಿ ಪ್ರಾಚೀನರ ವಚನವೇ ಇದ್ದು, ರಾಗ ಕೂಡಿಸಿದವರ ಸ್ವಾಮ್ಯವೂ ಮುಗಿದಿದ್ದರೆ ಹಂಚಬಹುದು. ಹಂಚುವಾಗ ಹಾಡಿದವರ ಹೆಸರನ್ನು ಬಿಡಕೂಡದು.

ಇನ್ನೊಂದು ಕಷ್ಟದ ಸಂದರ್ಭವುಂಟು. ಸ್ವಾಮ್ಯದ ಅವಧಿಯು ಮುಗಿದಿಲ್ಲ, ತಟ್ಟೆಯು ಎಲ್ಲಿಯೂ ಮಾರಾಟಕ್ಕಿಲ್ಲ, ಹಾಡಿದವರು ಇಲ್ಲ. ಆಗ ಏನು ಮಾಡಬೇಕು? ಅವರ ಮನೆಯವರನ್ನು, ಮುದ್ರಿಸಿದವರನ್ನು ಹುಡುಕಿ ಕೇಳಬೇಕು. ಸಿಕ್ಕದಿದ್ದರೆ ಆ ದನಿಯನ್ನು ಕಾಪಾಡಿ ಇಡಬೇಕು. ಮಾರಬಾರದು, ಅದರಿಂದ ಲಾಭವನ್ನು ಪಡೆಯಬಾರದು. ಮುಂದೆ ಎಂದಾದರೂ ಹಕ್ಕಿನವರು ಬಂದರೆ ಒಪ್ಪಿಸಲು ಸಿದ್ಧವಾಗಿರಬೇಕು. ಇಟ್ಟುಕೊಂಡವನು ಅಲ್ಲಿ ಒಡೆಯನಲ್ಲ, ಕಾವಲುಗಾರ.

ಮಠದಲ್ಲಿ ಇನ್ನು ಮೇಲೆ ಹಾಡನ್ನು ಹಾಕುವುದಾದರೆ ಹಾಡಿದವರನ್ನು ಕೇಳಿಯೇ ಹಾಕುವುದು, ಹೆಸರನ್ನು ಹೇಳಿಯೇ ಹಾಕುವುದು, ಅಕ್ಕಿ ಬೇಳೆಗಳಂತೆ ಅದಕ್ಕೂ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲನ್ನು ಇಡುವುದು ಎಂದು ನಿಶ್ಚಯಿಸಿದ್ದೇವೆ. ಭಾಲ್ಕಿಯ ಯುವಕನಿಗೂ ಔರಾದದ ಸಂಗತಿಯನ್ನು ಮರೆಮಾಚದೆ ತಿಳಿಸಿದೆವು. ಅವನಿಗೆ ಒಂದು ದಾರಿಯನ್ನೂ ಸೂಚಿಸಿದೆವು. ವಚನವು ಎಲ್ಲರದು, ಅವನಿಗೂ ಶಿವನು ಒಂದು ಕಂಠವನ್ನು ಕೊಟ್ಟಿದ್ದಾನೆ. ಬೆಳಿಗ್ಗೆ ಪೂಜೆಯಾದ ಮೇಲೆ ತಾನೇ ಒಂದು ವಚನವನ್ನು ಹಾಡಿ ಅದನ್ನು ನೂರು ಮನೆಗಳಿಗೆ ಕಳುಹಿಸಲಿ. ಸ್ವರವು ತುಸು ಅತ್ತಿತ್ತಲಾದರೂ ಚಿಂತೆಯಿಲ್ಲ. ಅದು ಅವನ ಕಾಯಕ; ಅದನ್ನು ಹಂಚಿದರೆ ಅದು ನಿಜವಾದ ದಾಸೋಹ.

ಕಲ್ಯಾಣವು ನಮ್ಮ ಜಿಲ್ಲೆಯಲ್ಲಿಯೇ ಇದೆ. ಅಲ್ಲಿಯ ಅನುಭವಮಂಟಪಕ್ಕೆ ಬಂದ ಶರಣರನ್ನು ಇಂದಿಗೂ ನಾವು ಕಾಯಕದಿಂದಲೇ ಗುರುತಿಸುತ್ತೇವೆ: ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಕಿನ್ನರಿ ಬೊಮ್ಮಯ್ಯ. ಹೆಸರಿಗಿಂತ ಮೊದಲು ಕಾಯಕ, ಕಾಯಕದ ಜೊತೆಯಲ್ಲಿಯೇ ಹೆಸರು. ಎರಡನ್ನು ಅವರು ಅಗಲಿಸಲಿಲ್ಲ. ನಾವು ಕೇಳುವ ಪ್ರತಿಯೊಂದು ಹಾಡಿನ ಹಿಂದೆಯೂ ಅಂತಹ ಒಂದು ಹೆಸರು, ಅಂತಹ ಒಂದು ಕಾಯಕವಿದೆ. ಅದನ್ನು ಕೇಳಿ ತಿಳಿದು, ಸಲ್ಲತಕ್ಕದ್ದನ್ನು ಸಲ್ಲಿಸಿ, ಆಮೇಲೆ ಕಣ್ಣು ಮುಚ್ಚಿ ಕೇಳೋಣ. ಆಗ ಹಾಡಿನಲ್ಲಿರುವ ಶಿವನು ನಮಗೂ ಕೇಳಿಸುವನು.